ಸಪ್ಲೈಯರ್ ಪೋರ್ಟಲ್ ಜೊತೆ ನಾಲ್ಕು ವರ್ಷ: ಅಂಕಪಟ್ಟಿಯ ಕಾಟ, ಒಣಗಿ ಬಂದ ಪೊದೆಗಳು

ನಮ್ಮದು ಉಕ್ಕಿನ ಬುಷ್, ಅಂದರೆ ಯಂತ್ರದ ದಂಡ ಕೂರುವ ಕೊಳವೆಯಂಥ ಬಿಡಿಭಾಗ, ಮಾಡುವ ಹದಿನಾರು ಜನರ ಘಟಕ. ಮಾಲಿನ ಮುಕ್ಕಾಲು ಪಾಲು ಹೋಗುವುದು ಕಡಲಾಚೆಯ ಒಂದೇ ಕಂಪನಿಗೆ. ನಾಲ್ಕು ವರ್ಷದ ಹಿಂದೆ ಅವರು, ಇನ್ನು ಇಮೇಲ್‌ನಲ್ಲಿ ಪಿಓ (ಖರೀದಿ ಆರ್ಡರು) ಕಳಿಸುವುದಿಲ್ಲ, ಈ ಪೋರ್ಟಲ್‌ಗೆ ಸೇರಿಕೊಳ್ಳಿ, ಚಂದಾ ನಿಮ್ಮದೇ ಅಂದರು. ಸೇರಿಕೊಂಡೆವು. ಹಾಗಾಗಿ ಇದು ನಾಲ್ಕು ನೋಡಿ ಒಂದು ಆರಿಸಿಕೊಂಡವನ ವಿಮರ್ಶೆಯಲ್ಲ, ಮೈಮೇಲೆ ಬಿದ್ದದ್ದನ್ನು ಹೊತ್ತವನದು. ವ್ಯವಹಾರ ಇನ್ನೂ ನಡೆಯುತ್ತಿದೆ, ಆದ್ದರಿಂದ ಯಾರ ಹೆಸರೂ ಬರೆಯುವುದಿಲ್ಲ. ಇಂಥ ಪೋರ್ಟಲ್ ಬಳಸುವವರಿಗೆ ಹೆಸರು ಬೇಕಾಗಿಯೂ ಇಲ್ಲ, ಎಲ್ಲವೂ ಒಂದೇ ಅಚ್ಚಿನವು.

ದೊಡ್ಡ ಕಂಪನಿಗಳ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಆರ್ಡರು, ಇನ್‌ವಾಯ್ಸ್ ರವಾನಿಸಿಕೊಳ್ಳುವ ಇಡಿಐ ಹೊಸದೇನಲ್ಲ. ಇದಕ್ಕೆಂದೇ ಇರುವ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ನಿಯಮಗಳಿಗೆ ಐಎಸ್‌ಓ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಅಷ್ಟು ದೊಡ್ಡ ಏರ್ಪಾಡು ಮಾಡಿಕೊಳ್ಳಲಾಗದ ನಮ್ಮಂಥವರಿಗೆ ಪೋರ್ಟಲ್ ಒಂದು ಕಿಟಕಿ. ನಾನಿಲ್ಲಿ ಖಾನೆ ತುಂಬಿದರೆ ಅಲ್ಲಿ ಅದು ಅವರ ಭಾಷೆಯ ಸಂದೇಶವಾಗುತ್ತದೆ. ಉಳಿದ ಫೀಚರ್‌ಗಳೆಲ್ಲ ಡೆಮೊ ವಿಡಿಯೊದಲ್ಲಿವೆ, ನೋಡಿಕೊಳ್ಳಿ.

ಲೇಥ್‌ಗಳು ಶುರುವಾಗುವ ಮೊದಲೇ ಲಾಗಿನ್ ಆಗುವುದು ನನ್ನ ರೂಢಿ. ಹೊಸ ಪಿಓ ದಪ್ಪಕ್ಷರದಲ್ಲಿ ಕೂತಿರುತ್ತದೆ. ಕೂಡಲೇ ಒಪ್ಪಿಗೆ ಒತ್ತುವುದಿಲ್ಲ. ಮೊದಲು ಡ್ರಾಯಿಂಗ್ ರಿವಿಷನ್ನಿನ ಅಕ್ಷರ (ನಕ್ಷೆಯ ಎಷ್ಟನೇ ತಿದ್ದುಪಡಿ ಎಂಬ ಗುರುತು), ಆಮೇಲೆ ಸಂಖ್ಯೆ, ಆಮೇಲೆ ತಾರೀಖು, ಇದೇ ಕ್ರಮ. ಒತ್ತಿದ ಮೇಲೆ ಹಸಿರು ಟಿಕ್ ಬೀಳುವವರೆಗೆ ಕಾಫಿ ಮುಟ್ಟುವುದಿಲ್ಲ. ಮಾಲು ಹೊರಡುವ ದಿನ ಇನ್ನೂ ಸೊಗಸು. ಪೆಟ್ಟಿಗೆಗೊಂದು ಹದಿನೆಂಟು ಅಂಕಿಯ ನಂಬರು ಹೊತ್ತ ಲೇಬಲ್‌ಗಳು ಬೆಚ್ಚಗೆ ಪ್ರಿಂಟರ್‌ನಿಂದ ಹೊರಬರುತ್ತವೆ. ನಮ್ಮ ಪ್ಯಾಕಿಂಗ್ ಹುಡುಗ ಒಂದೊಂದನ್ನೂ ಅಂಟಿಸಿ ಅಂಗೈಯಿಂದ ಮೂರು ಸಲ ತಟ್ಟುತ್ತಾನೆ. ಸ್ಕ್ಯಾನರ್ ಕೂಗಿದರೆ ಪಕ್ಕದ ಪೆಟ್ಟಿಗೆಗೆ. ಡಿಸ್ಪ್ಯಾಚ್ ಸೂಚನೆ ಲಾರಿ ಗೇಟು ದಾಟುವ ಮೊದಲೇ ಹೋಗಬೇಕು, ಇಲ್ಲವಾದರೆ ಕೆಂಪು ಗುರುತು. ಎಷ್ಟೋ ಸಲ ಡ್ರೈವರ್ ಇಂಜಿನ್ ಚಾಲೂ ಮಾಡಿ ಹಾರ್ನ್ ಒತ್ತುತ್ತಿದ್ದರೆ ನಾನು ಒಳಗೆ ತೂಕದ ಖಾನೆ ತುಂಬುತ್ತಿರುತ್ತೇನೆ.

ಈಗ ಅಸಲು ದೂರು.

ಪೋರ್ಟಲ್‌ನ ಬಲಮೂಲೆಯಲ್ಲಿ ಒಂದು ಅಂಕ ಇರುತ್ತದೆ, ನೂರಕ್ಕೆ ಇಷ್ಟು ಎಂದು. ಸಮಯಕ್ಕೆ ಸರಿಯಾಗಿ ಡೆಲಿವರಿ ಕೊಟ್ಟದ್ದರ ಲೆಕ್ಕ. ನಮ್ಮ ವ್ಯಾಪಾರ ಎಫ್‌ಸಿಎ ಷರತ್ತಿನದು. ಮಾಲು ಎಲ್ಲಿಯವರೆಗೆ ಯಾರ ಹೊಣೆ ಎಂದು ಹೇಳುವ ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳಾದ ಇನ್‌ಕೋಟರ್ಮ್ಸ್ 2020ರ ಹನ್ನೊಂದು ನಿಯಮಗಳಲ್ಲಿ ಇದೂ ಒಂದು. ಗೊತ್ತಾದ ಜಾಗದಲ್ಲಿ, ಗ್ರಾಹಕರೇ ಗೊತ್ತುಮಾಡಿದ ಸಾಗಣೆದಾರರ ಕೈಗೆ ಮಾಲು ಒಪ್ಪಿಸಿದರೆ ನಮ್ಮ ಡೆಲಿವರಿ ಮುಗಿಯಿತು. ಆಮೇಲೆ ಹಡಗು ಅವರದು, ದಾರಿ ಅವರದು, ತಡವಾದರೆ ತಲೆನೋವೂ ಅವರದು. ಒಪ್ಪಂದದಲ್ಲಿ ಹೀಗಿದೆ. ಪೋರ್ಟಲ್ ಮಾತ್ರ ಡೆಲಿವರಿ ಅಂದರೆ ಅವರ ಗೋಡೌನ್ ಬಾಗಿಲಲ್ಲಿ ಪೆಟ್ಟಿಗೆ ಸ್ಕ್ಯಾನ್ ಆದ ದಿನ ಅಂದುಕೊಂಡಿದೆ.

ಎಲ್ಲಾ ಸುಸೂತ್ರವಾಗಿದ್ದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳಲೇ ಇಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತಲ್ಲ, ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತಿಕೊಂಡು ಹೋಗತೊಡಗಿದವು. ನಮ್ಮ ಕಂಟೇನರ್‌ಗಳು ಎರಡು ವಾರ, ಮೂರು ವಾರ ತಡ. ಒಂದು ಲಾರಿಯೂ ನಮ್ಮ ಗೇಟಿನಿಂದ ತಡವಾಗಿ ಹೊರಟಿರಲಿಲ್ಲ. ಆದರೂ ನಮ್ಮ ಅಂಕ 96ರಿಂದ 61ಕ್ಕೆ ಬಂತು.

ಅಂಕ ಇಳಿದರೆ ಇಳಿಯಲಿ ಎಂದು ಸುಮ್ಮನಿದ್ದೆ. ಹೊಸ ಕೊಟೇಶನ್ ಕೇಳಿಕೆ ಬರುವುದೇ ನಿಂತುಹೋದದ್ದು ಗೊತ್ತಾಗಲು ಏಳು ವಾರ ಬೇಕಾಯಿತು. ಇಮೇಲ್ ಕಾಲದಲ್ಲಿ ಮಾಲು ತಡವಾದರೆ ಅವರ ಪರ್ಚೇಸ್ ಮ್ಯಾನೇಜರ್ ಫೋನ್ ಮಾಡಿ ಹತ್ತು ನಿಮಿಷ ಕೂಗಾಡುತ್ತಿದ್ದರು, ಹೊಸ ತಾರೀಖು ಇಸಿದುಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯಿತು. ಈ ಸಲ ಯಾರೂ ಬೈಯಲಿಲ್ಲ. ಬೈದವರಿದ್ದರೆ ಸಮಾಧಾನ ಮಾಡಬಹುದು, ಸಮಾಧಾನ ಮಾಡಲಿಕ್ಕೆ ಅಲ್ಲಿ ಯಾರೂ ಇರಲೇ ಇಲ್ಲ. ಕೊನೆಗೆ ವಿಡಿಯೊ ಕಾಲ್‌ನಲ್ಲಿ ಕೇಳಿದೆ. ಅದೇ ಮ್ಯಾನೇಜರ್ ಪಾಪ ತಮ್ಮ ಪರದೆ ನೋಡಿ, “70ಕ್ಕಿಂತ ಕೆಳಗಿದ್ದವರ ಹೆಸರು ನನ್ನ ಪಟ್ಟಿಗೇ ಬರುವುದಿಲ್ಲ, ನೀವು ಕಾಣಿಸಲೇ ಇಲ್ಲ” ಅಂದರು. ಕೆಂಪು ಸಮುದ್ರದ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಆ ಕಂಟೇನರ್‌ಗಳಿಗಾಗಿ ದಿನಾ ಒದ್ದಾಡುತ್ತಿದ್ದವರೇ ಅವರು. ಆದರೆ ಅಂಕ ತಿದ್ದುವ ಅಧಿಕಾರ ಅವರಿಗಿರಲಿಲ್ಲ.

ಪೋರ್ಟಲ್‌ನವರಿಗೆ ಟಿಕೆಟ್ (ದೂರು) ಹಾಕಿದೆ. ಮೊದಲ ಎರಡು ಉತ್ತರ ಸಹಾಯಪುಟದಿಂದ ಕತ್ತರಿಸಿ ಅಂಟಿಸಿದ್ದು. ಮೂರನೆಯದರಲ್ಲಿ ಯಾರೋ ಪುಣ್ಯಾತ್ಮರು ನಿಜವಾಗಿ ಓದಿ ಬರೆದಿದ್ದರು: ಗೋಡೌನ್‌ನಲ್ಲಿ ಮಾಲು ಇಳಿಸಿಕೊಳ್ಳುವ ಗುಮಾಸ್ತರ ಪರದೆಯಲ್ಲಿ ತಡಕ್ಕೆ ಕಾರಣ ಎಂಬ ಒಂದು ಖಾನೆ ಇದೆ. ಐದು ದಿನದೊಳಗೆ ಅಲ್ಲಿ ‘ಸಾಗಣೆದಾರರಿಂದ ವಿಳಂಬ’ ಎಂದು ಆರಿಸಿದರೆ ನಮಗೆ ಅಂಕ ಕಡಿತವಿಲ್ಲ. ಖಾಲಿ ಬಿಟ್ಟರೆ ತಪ್ಪು ಸಪ್ಲೈಯರ್‌ದು. ಈ ವಿಷಯ ನಮಗೂ ಹೇಳಿರಲಿಲ್ಲ, ಗುಮಾಸ್ತರಿಗೂ ಹೇಳಿರಲಿಲ್ಲ.

ಇಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿಯಿತು ಅನ್ನಬೇಕು. ಪ್ರತಿ ಶಿಪ್‌ಮೆಂಟ್‌ಗೂ ಪೋರ್ಟಲ್‌ನಲ್ಲಿ ಒಂದು ಚಾಟ್ ಪೆಟ್ಟಿಗೆ ಇದೆ, ತಂತಾನೇ ಅನುವಾದ ಮಾಡುವಂಥದ್ದು. ಮೂರು ವರ್ಷ ಅದನ್ನು ಮುಟ್ಟಿರಲಿಲ್ಲ. ಮಾಲು ಸ್ವೀಕರಿಸುವವರಿಗೆ ಎಂದು ಕನ್ನಡದಲ್ಲೇ ಬರೆದು, ಆ ಖಾನೆ ದಯವಿಟ್ಟು ತುಂಬಿ ಅಂದೆ. ಮರುದಿನ ಉತ್ತರ ಬಂತು:

“ಹನ್ನೆರಡು ಪೆಟ್ಟಿಗೆ ಪೊದೆಗಳು ತಲುಪಿವೆ. ಎಲ್ಲವೂ ಒಣಗಿವೆ. ಖಾನೆ ತುಂಬಿದೆ. ಧನ್ಯವಾದ.”

ಪೊದೆಗಳು! ಅವರ ಭಾಷೆಯ ಪದ ಇಂಗ್ಲಿಷಿನಲ್ಲಿ ‘ಬುಷ್’ ಆಗಿ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಗಿಡವಾಗಿತ್ತು. ಶಾಪ್‌ನಲ್ಲಿ ಓದಿ ಹೇಳಿದೆ, ಅರ್ಧ ದಿನ ಕೆಲಸ ಕೆಟ್ಟಿತು. ಆದರೆ ಒಣಗಿವೆ ಅನ್ನುವುದಕ್ಕಿಂತ ಒಳ್ಳೆಯ ಸುದ್ದಿ ನಮಗೆ ಇನ್ನೊಂದಿಲ್ಲ. ತುಕ್ಕು ಹಿಡಿಯದ ಹಾಗೆ ವಿಸಿಐ ಕಾಗದ ಸುತ್ತಿ, ತೇವ ಹೀರುವ ಪೊಟ್ಟಣ ಇಟ್ಟು ಕಳಿಸುತ್ತೇವೆ. ಸಮುದ್ರದ ಮೇಲೆ ಐವತ್ತು ದಿನ ತಿರುಗಿದ ಮೇಲೂ ಅದು ಕೆಲಸ ಮಾಡಿದೆ ಎಂದು ಕಣ್ಣಾರೆ ನೋಡಿ ಹೇಳಿದವರು ಅವರೊಬ್ಬರೇ.

ಹೆಸರಿನ ಜಾಗದಲ್ಲಿ ಬರೀ ಯೂಸರ್ ಐಡಿ. ಗಂಡಸೋ ಹೆಂಗಸೋ ಇವತ್ತಿಗೂ ಗೊತ್ತಿಲ್ಲ. ನನ್ನ ಕನ್ನಡ ಅವರ ಪರದೆಯಲ್ಲಿ ಏನಾಗಿ ಕಾಣುತ್ತದೋ ದೇವರೇ ಬಲ್ಲ. ಈಗ ಪ್ರತಿ ಸಲ ಮೇಲಿನ ಪದರದ ಕಾಗದ ಬಿಚ್ಚಿ ಒಂದು ಫೋಟೊ ಹಾಕುತ್ತಾರೆ. ಒಂದು ಫೋಟೊದಲ್ಲಿ ಪೆಟ್ಟಿಗೆಯ ಕೆಳಮೂಲೆ ನಜ್ಜುಗುಜ್ಜಾಗಿತ್ತು. ಫೋರ್ಕ್‌ಲಿಫ್ಟ್ ತಾಗುವ ಜಾಗ ಅದೇ, ಮೂಲೆಗೆ ಪಟ್ಟಿ ಕೊಡಿ ಎಂದು ಬರೆದರು. ಕೊಟ್ಟೆವು. ಅವರದೇ ಕ್ವಾಲಿಟಿ ವಿಭಾಗ ಇಷ್ಟು ವರ್ಷದಲ್ಲಿ ನಮಗೆ ಇದನ್ನು ಹೇಳಿರಲಿಲ್ಲ. ಅಂಕ ಸದ್ಯಕ್ಕೆ 89.

ಹೊಗಳಲೇಬೇಕಾದ ಇನ್ನೊಂದು, ಡ್ರಾಯಿಂಗ್ ದಾಖಲೆ. ಕಳೆದ ವರ್ಷ ಆರುನೂರು ಬುಷ್ ರಿಜೆಕ್ಟ್, ಅಷ್ಟು ಹಣ ಕಡಿತ ಎಂದು ಡೆಬಿಟ್ ನೋಟ್ ಬಂತು, ಒಳವ್ಯಾಸ ರಿವಿಷನ್ ಡಿ ಪ್ರಕಾರ ಇಲ್ಲವಂತೆ. ಲಾಗ್ ತೆಗೆದು ನೋಡಿದೆ. ನಾವು ಪಿಓ ಒಪ್ಪಿದ ದಿನ ಅಲ್ಲಿದ್ದದ್ದು ರಿವಿಷನ್ ಸಿ. ಡಿ ಏರಿಸಿದ್ದು ಲಾರಿ ಹೊರಟ ಎರಡು ದಿನದ ಮೇಲೆ, ಗಂಟೆ ನಿಮಿಷ ಸಮೇತ. ಆ ಪುಟ ಕಳಿಸಿದೆ, ಡೆಬಿಟ್ ನೋಟ್ ವಾಪಸ್ ಆಯಿತು. ಇಮೇಲ್ ಕಾಲದಲ್ಲಾಗಿದ್ದರೆ ದೊಡ್ಡ ಗ್ರಾಹಕರ ಜೊತೆ ಜಗಳ ಯಾಕೆ ಎಂದು ನುಂಗಿಕೊಳ್ಳುತ್ತಿದ್ದೆ. ನುಂಗಿಕೊಂಡದ್ದೂ ಉಂಟು.

ಬ್ಯಾಂಕ್ ಖಾತೆ ಬದಲಿಸಲು ಮೂರು ವಾರ ಸತಾಯಿಸುತ್ತಾರೆ. ಮೊದಲು ಬೈಯುತ್ತಿದ್ದೆ. ಪರಿಚಯದವರೊಬ್ಬರ ಇಮೇಲ್‌ಗೆ ಕಳ್ಳರು ನುಗ್ಗಿ, ನಮ್ಮ ಖಾತೆ ಬದಲಾಗಿದೆ ಎಂದು ಅವರ ಗ್ರಾಹಕರಿಗೆ ಪತ್ರ ಕಳಿಸಿ ಹಣ ಹೊಡೆದ ಮೇಲೆ ಬಾಯಿ ಮುಚ್ಚಿಕೊಂಡಿದ್ದೇನೆ. ಹಣ ಪಾವತಿಯಾಗಿದೆ ಎಂದು ಪೋರ್ಟಲ್ ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ದೇಶದೇಶಗಳ ಬ್ಯಾಂಕುಗಳ ನಡುವೆ ಪಾವತಿ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಲ್ಲಿ ಹಣದ ಜಾಡು ಹಿಡಿಯುವ ಜಿಪಿಐ ಸೇವೆ 2017ರಲ್ಲೇ ಬಂದಿದೆ. ಪ್ರತಿ ಪಾವತಿಗೂ ಇರುವ ಯುಇಟಿಆರ್ ಎಂಬ ಗುರುತಿನ ನಂಬರು ಕೊಟ್ಟರೆ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ನಮ್ಮ ಬ್ಯಾಂಕಿನವರೇ ನೋಡಿ ಹೇಳುತ್ತಾರೆ. ಆ ನಂಬರೊಂದನ್ನು ಪರದೆಯ ಮೇಲೆ ತೋರಿಸಲು ಇವರಿಗೇನು ಕಷ್ಟವೋ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇಲ್ಲಿ ದಾಖಲೆ ಉಳಿಯುವುದು ಇಪ್ಪತ್ನಾಲ್ಕು ತಿಂಗಳು ಮಾತ್ರ, ಅದಕ್ಕೂ ಹೆಚ್ಚು ಬೇಕಾದರೆ ಮೇಲಿನ ಪ್ಲಾನ್. ನನ್ನನ್ನು ಉಳಿಸಿದ ಆ ಲಾಗ್ ಕೂಡ ಇಷ್ಟರಲ್ಲೇ ಅಳಿಸಿಹೋಗುತ್ತದೆ. ಮೇಲಿನ ಪ್ಲಾನ್ ನಮ್ಮ ಕೈಗೆ ಎಟುಕುವುದಿಲ್ಲ. ಎಟುಕಿದರೂ, ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ತಂದ ಹಡಗು ಸಾಗಣೆ ದಾಖಲೆಗಳ ವೇದಿಕೆ ಟ್ರೇಡ್‌ಲೆನ್ಸ್‌ನಂಥದ್ದೇ 2022ರಲ್ಲಿ ಬಾಗಿಲು ಹಾಕುತ್ತೇವೆ ಅಂದಿತು, ಇನ್ನು ಇವರ ಗ್ಯಾರಂಟಿ ಎಷ್ಟು? ಅದಕ್ಕೇ ಶನಿವಾರ ಮಧ್ಯಾಹ್ನ ಕೂತು ಒಪ್ಪಿಗೆ, ಡ್ರಾಯಿಂಗ್, ಲಾಗ್ ಎಲ್ಲಾ ಪಿಡಿಎಫ್ ಇಳಿಸಿಕೊಳ್ಳುತ್ತೇನೆ. ಒಟ್ಟಿಗೆ ಇಳಿಸುವ ಬಟನ್ ಇಲ್ಲ, ಒಂದೊಂದೇ.

ಐದಕ್ಕೆ ಮೂರು ಸ್ಟಾರ್. ಆ ಕಾರಣದ ಖಾನೆಯನ್ನು ನಮ್ಮ ಪರದೆಯಲ್ಲೂ ಇಟ್ಟರೆ ನಾಲ್ಕು ಕೊಡುತ್ತೇನೆ. ಹೋದ ತಿಂಗಳ ಅಪ್‌ಡೇಟ್‌ನಲ್ಲಿ ಅನುವಾದಕ್ಕೆ ನಮ್ಮದೇ ಪದಪಟ್ಟಿ ಸೇರಿಸುವ ಸೌಲಭ್ಯ ಬಂದಿದೆ. ರಿವಿಷನ್, ಒಳವ್ಯಾಸ, ಡೆಬಿಟ್ ನೋಟ್ ಎಲ್ಲಾ ಹಾಕಿದ್ದೇನೆ. ಬುಷ್ ಮಾತ್ರ ಹಾಕಿಲ್ಲ.