ಹಳೆಯ ಬಿಲ್ ಪುಸ್ತಕದ ಅಕ್ಷರಗಳು: ಇಂಕ್‌ಸ್ಕೇಪ್, ಕೋರಲ್‌ಡ್ರಾ ಮತ್ತು ಕೈಯೆಳೆತದ ಹೋಲಿಕೆ

ನಮ್ಮ ಮನೆಯ ಜವಳಿ ಅಂಗಡಿಯ ಹಳೆಯ ಬಿಲ್ ಪುಸ್ತಕದ ನೆತ್ತಿಯಲ್ಲಿ, ಕಲಾವಿದರೊಬ್ಬರು ಕುಂಚದಿಂದ ಬರೆದು ಮುದ್ರಣದ ಬ್ಲಾಕ್ ಮಾಡಿಸಿದ ‘ಶ್ರೀ’ ಮತ್ತು ‘ವಸ್ತ್ರ’ ಎಂಬ ಅಕ್ಷರಗಳಿವೆ. ಬ್ಲಾಕ್ ಈಗ ಉಳಿದಿಲ್ಲ. ಅದೇ ಅಕ್ಷರಗಳನ್ನು ವಿನೈಲ್ ಹಾಳೆಯಲ್ಲಿ ಕತ್ತರಿಸಿ ಹೊಸ ಬೋರ್ಡಿಗೆ ಅಂಟಿಸಬೇಕಾಗಿತ್ತು. ಕತ್ತರಿಸುವ ಪ್ಲಾಟರಿನ ಅಲಗಿಗೆ ಸ್ಕ್ಯಾನಿನ ಚುಕ್ಕೆಗಳಾದ ಪಿಕ್ಸೆಲ್‌ಗಳಿಂದ ಪ್ರಯೋಜನವಿಲ್ಲ, ಅದು ಸಾಗಲು ರೇಖೆಯೇ ಬೇಕು. ಆದ್ದರಿಂದ ಒಂದೇ ಸ್ಕ್ಯಾನನ್ನು ಮೂರು ಬಗೆಯಲ್ಲಿ ವೆಕ್ಟರ್, ಅಂದರೆ ರೇಖೆಗಳ ಚಿತ್ರ, ಮಾಡಿ ನೋಡಿದೆ.

ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಸ್ಕ್ಯಾನನ್ನು ರೇಖೆಯಾಗಿಸುವ ‘ಟ್ರೇಸ್ ಬಿಟ್‌ಮ್ಯಾಪ್’ ಒಳಗೆ ಕೆಲಸ ಮಾಡುವುದು ಪೀಟರ್ ಸೆಲಿಂಗರ್ ಅವರು ಬರೆದ ಪೊಟ್ರೇಸ್ ಎಂಬ ತಂತ್ರಾಂಶ. ಅದಕ್ಕೆ ಗೊತ್ತಿರುವುದು ಕಪ್ಪು, ಬಿಳುಪು ಎರಡೇ ಆದ್ದರಿಂದ, ನಡುವಿನ ಬೂದು ಬಣ್ಣವನ್ನು ಯಾವ ಕಡೆಗೆ ಸೇರಿಸಬೇಕೆಂದು ಮೊದಲು ನಾವೇ ತೀರ್ಮಾನಿಸಬೇಕು. ಮೊದಲೇ ಇರುವ 0.45ರ ಮಿತಿಯಲ್ಲಿ, ಮಾಸಿದ ಶಾಯಿಯ ವಕಾರದ ತಲೆಕಟ್ಟು ತುಂಡಾಯಿತು. ಮಿತಿಯನ್ನು ಏರಿಸಿದರೆ ತಲೆಕಟ್ಟು ಕೂಡಿಕೊಂಡಿತಾದರೂ ‘ಶ್ರೀ’ಯ ಗುಡಿಸಿನೊಳಗಿನ ಬಿಳಿಯ ಕಣ್ಣು ಮುಚ್ಚಿಹೋಯಿತು. ತಪ್ಪು ತಂತ್ರಾಂಶದ್ದಲ್ಲ, ನನ್ನ ಸ್ಕ್ಯಾನಿನದು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಒಂದು ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ ಸಿಗುವುದು ಸುಮಾರು 118 ಪಿಕ್ಸೆಲ್ ಮಾತ್ರ, 1200ರಲ್ಲಿ 472. ಮತ್ತೆ ಸ್ಕ್ಯಾನ್ ಮಾಡಿದ ಮೇಲೆ ತಲೆಕಟ್ಟೂ ಕಣ್ಣೂ ಒಟ್ಟಿಗೆ ಉಳಿದವು; ಆದರೆ ಕಾಗದದ ನಾರುಗಳೂ ಚುಕ್ಕೆಗಳಾಗಿ ಮೂಡಿದ್ದರಿಂದ ‘ಸ್ಪೆಕಲ್ಸ್’ ಮೌಲ್ಯವನ್ನು ಹೆಚ್ಚಿಸಿ ಅವನ್ನು ಅಳಿಸಬೇಕಾಯಿತು. ಮೂಲೆಗಳ ನಯವನ್ನು 1.0ರಿಂದ 0.6ಕ್ಕೆ ಇಳಿಸಿದಾಗ ಕುಂಚ ಎತ್ತಿದ ಜಾಗದ ಚೂಪು ಮರಳಿತು, ಅದರ ಬೆಲೆಯಾಗಿ ಸಕಾರದ ದುಂಡು ಹೊಟ್ಟೆಯಲ್ಲಿ ಸಣ್ಣ ಸೊಟ್ಟುಗಳು ಕಾಣಿಸಿಕೊಂಡವು.

ಕೋರಲ್‌ಡ್ರಾ ತಂತ್ರಾಂಶದಲ್ಲಿ ಇದೇ ಕೆಲಸ ಮಾಡುವ ಪವರ್‌ಟ್ರೇಸ್ ಬಳಸುವಾಗ ಮೂಲವನ್ನೂ ಫಲಿತಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದಾದ್ದರಿಂದ ಊಹೆಯ ಕೆಲಸ ಕಡಿಮೆ. ಆದರೆ ಅದು ಬೂದು ಅಂಚನ್ನೂ ಒಂದು ಬಣ್ಣವೆಂದೇ ಎಣಿಸಿ, ಪ್ರತಿ ಅಕ್ಷರದ ಸುತ್ತ ತೆಳ್ಳನೆಯ ಉಂಗುರದಂತಹ ಆಕಾರಗಳನ್ನು ಬಿಟ್ಟಿತು. ಬಣ್ಣಗಳನ್ನು ಎರಡಕ್ಕಿಳಿಸಿದ ಮೇಲಷ್ಟೇ ಅವು ಹೋದವು. ರೇಖೆಯನ್ನು ನಯಗೊಳಿಸುವ ‘ಸ್ಮೂತಿಂಗ್’ ಹೆಚ್ಚಿಸಿದಾಗ ರೇಖೆಯ ಆಕಾರವನ್ನು ಹಿಡಿದಿಡುವ ಬಿಂದುಗಳ ಸಂಖ್ಯೆ ಚೆನ್ನಾಗಿ ಇಳಿಯಿತು, ಜೊತೆಗೇ ‘ಸ್ತ್ರ’ದ ಒತ್ತಿನ ಬಾಲವೂ ಮೊಂಡಾಯಿತು. ಫ್ಲೆಕ್ಸ್ ಅಂಗಡಿಗಳಲ್ಲಿ ಈ ಕಡತ ನೇರವಾಗಿ ತೆರೆದುಕೊಳ್ಳುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಹಣ ಕೊಟ್ಟು ಕೊಳ್ಳಬೇಕೆಂಬುದು ಕೊರತೆ. ಇಂಕ್‌ಸ್ಕೇಪ್ ಉಚಿತ.

ಬಣ್ಣದ ಲೇಬಲ್ ಒಂದಕ್ಕೆ ವಿಟ್ರೇಸರ್ ಎಂಬ ಇನ್ನೊಂದು ಟ್ರೇಸ್ ತಂತ್ರಾಂಶವನ್ನೂ ಬಳಸಿದೆ. ಬಣ್ಣದ ಚಿತ್ರಕ್ಕೆ ಅದು ಯೋಗ್ಯ, ಅಕ್ಷರಕ್ಕೆ ಅದರಿಂದ ಹೆಚ್ಚೇನೂ ದೊರೆಯಲಿಲ್ಲ.

ಮೂರನೆಯ ಬಗೆ, ಬಿಂದುಗಳನ್ನಿಟ್ಟು ವಕ್ರರೇಖೆ ಮೂಡಿಸುವ ಬೆಜಿಯೆ ಪೆನ್ ಎಂಬ ಉಪಕರಣದಿಂದ ಕೈಯಲ್ಲೇ ಎಳೆಯುವುದು. ಕಾಗದದಲ್ಲಿ ಹರಡಿದ ಶಾಯಿ ಎಷ್ಟು, ಬರೆದವರ ಗೆರೆ ಎಷ್ಟು ಎಂಬುದನ್ನು ಯಾವ ತಂತ್ರಾಂಶವೂ ಬೇರ್ಪಡಿಸಲಿಲ್ಲ. ಅದನ್ನು ಕಣ್ಣೇ ತೂಗಬೇಕು. ಪೊಟ್ರೇಸ್ ತನ್ನ ಬಿಂದುಗಳನ್ನು ತಾನೇ ಕಂಡುಕೊಂಡ ಬಹುಭುಜದ ಅಂಚುಗಳ ನಡುವಿಗೆ ಇಡುತ್ತದೆ. ಕೈಯಲ್ಲಿ ಎಳೆಯುವಾಗ ವಕ್ರರೇಖೆಯ ಮೇಲ್ತುದಿ, ಕೆಳತುದಿ, ಎಡ, ಬಲಗಳಲ್ಲೇ ಬಿಂದುವಿಟ್ಟರೆ ಗುಡಿಸಿನ ಕಣ್ಣಿಗೆ ನಾಲ್ಕು ಸಾಕು, ಮುಂದೆ ತಿದ್ದುವುದೂ ಸುಲಭ. ‘ಶ್ರೀ’ ಒಂದಕ್ಕೇ ನನಗೆ ಒಂದು ಸಂಜೆ ಹಿಡಿಯಿತು.

ಕಡೆಗೆ ‘ಶ್ರೀ’ಯನ್ನೂ ಒತ್ತಕ್ಷರಗಳನ್ನೂ ಕೈಯಲ್ಲಿ ಎಳೆದೆ, ಉಳಿದದ್ದನ್ನು ಇಂಕ್‌ಸ್ಕೇಪ್‌ನ ಟ್ರೇಸಿನಿಂದ ಪಡೆದು, ಹೊಟ್ಟೆಯ ಸೊಟ್ಟುಗಳಲ್ಲಿದ್ದ ಬಿಂದುಗಳನ್ನು ಒಂದೊಂದಾಗಿ ಅಳಿಸಿದೆ. ಪ್ಲಾಟರಿನಿಂದ ಹಾಳೆ ಹೊರಬಂದಾಗ ಕಣ್ಣಿನೊಳಗಿನ ವಿನೈಲ್ ಚೂರು ಹರಿಯದೆ ಒಂದೇ ಎಳೆತಕ್ಕೆ ಬಿಟ್ಟುಕೊಂಡಿತು.