‘ಮೈ ಗರ್ಲ್’ ಮೊದಲು ಕೇಳಬೇಕಾ, ‘ಪಾಪಾ ವಾಸ್ ಎ ರೋಲಿಂಗ್ ಸ್ಟೋನ್’?

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಟೆಂಪ್ಟೇಷನ್ಸ್ ಗಾಯಕರ ತಂಡವನ್ನು ಈಗಷ್ಟೇ ಕೇಳಲು ಹೊರಟಿದ್ದೀರಾ? 1964ರ ಕೊನೆಯಲ್ಲಿ ಬಂದ ‘ಮೈ ಗರ್ಲ್’ ಮೂರು ನಿಮಿಷವೂ ಇಲ್ಲ. ಮೊದಲು ಜೇಮ್ಸ್ ಜೇಮರ್ಸನ್ ಬೇಸ್ ಗಿಟಾರ್ ಒಂದೇ. ಅದರ ಮೇಲೆ ರಾಬರ್ಟ್ ವೈಟ್ ಗಿಟಾರ್ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಆಮೇಲೆ ಡೇವಿಡ್ ರಫಿನ್ ದನಿ: ಸ್ವಲ್ಪ ಒರಟು, ಆದರೂ ಎಷ್ಟು ಮೆತ್ತಗೆ! ಉಳಿದ ನಾಲ್ವರು ಹಿಂದಿನಿಂದ ದನಿಗೂಡಿಸುತ್ತಾರೆ.

1972ರ ‘ಪಾಪಾ’ಗೆ ತಾಳ್ಮೆ ಬೇಕು. ಆಲ್ಬಮ್‌ನಲ್ಲಿ ಸುಮಾರು 12 ನಿಮಿಷ. ಹಾಡುವುದು ಶುರುವಾಗುವುದೇ ಹತ್ತಿರ ಹತ್ತಿರ 4 ನಿಮಿಷ ಕಳೆದ ಮೇಲೆ. ರಫಿನ್ ಇಲ್ಲ, ಡೆನಿಸ್ ಎಡ್ವರ್ಡ್ಸ್ ಮತ್ತು ಇತರರು ಸಾಲುಗಳನ್ನು ಹಂಚಿಕೊಳ್ಳುತ್ತಾರೆ. ನನಗಂತೂ ಇದು ತಂಡಕ್ಕಿಂತ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಹಾಡು ಅನಿಸುತ್ತದೆ.

ದನಿ ಮುಖ್ಯ ಅನ್ನುವವರು ‘ಮೈ ಗರ್ಲ್’ ಹಾಕಿ. ಬೇಸ್ ಹುಚ್ಚಿದ್ದರೆ ‘ಪಾಪಾ’. ಸುಮ್ನೆ 7 ನಿಮಿಷದ ಸಿಂಗಲ್ (ಬಿಡಿ ಹಾಡಾಗಿ ಬಂದ ಚಿಕ್ಕ ರೂಪ) ಬೇಡ, ಪೂರ್ತಿ ಕೇಳಿ.