ಗಾಜಿನ ಫ್ಯೂಸ್, ಬ್ಲೇಡ್ ಫ್ಯೂಸ್, ಎಂಸಿಬಿ: ಸಣ್ಣ ಸೋಲಾರ್‌ಗೆ ಯಾವುದು ಒಳ್ಳೆಯದು?

ಹನ್ನೆರಡು ವೋಲ್ಟ್ ತಾನೇ ಎಂದು ಬ್ಯಾಟರಿಗೆ ಫ್ಯೂಸ್ ಇಲ್ಲದೆ ವೈರ್ ಎಳೆದಿರುವ ತೋಟದ ಮನೆಗಳು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿವೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಇಲಿ ಕಡಿದು ವೈರ್‌ಗಳೆರಡೂ ಒಂದಕ್ಕೊಂದು ತಾಗಿದರೆ 100 ಆಂಪಿಯರ್ ಅವರ್‌ನ ಬ್ಯಾಟರಿ ನೂರಾರು ಆಂಪಿಯರ್ ಹರಿಸಿ ಕ್ಷಣದಲ್ಲಿ ವೈರನ್ನು ಕೆಂಪಗೆ ಕಾಯಿಸಬಲ್ಲದು. 100 ವ್ಯಾಟ್‌ನ ಪ್ಯಾನೆಲ್ಲಿಗೆ ಆ ಶಕ್ತಿಯಿಲ್ಲ. ಶಾರ್ಟ್ ಆದರೂ ಅದು ಆರು ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲ ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ.

ಒಂದೇ ಪ್ಯಾನೆಲ್, 10 ಆಂಪಿಯರ್‌ನ ಪಿಡಬ್ಲ್ಯುಎಂ ಚಾರ್ಜ್ ಕಂಟ್ರೋಲರ್ (ಪ್ಯಾನೆಲನ್ನು ನೇರ ಬ್ಯಾಟರಿಗೆ ಸೇರಿಸುತ್ತ, ಬಿಡಿಸುತ್ತ ಚಾರ್ಜನ್ನು ಹತೋಟಿಯಲ್ಲಿಡುವ ಪೆಟ್ಟಿಗೆ), ಒಂದೇ ಬ್ಯಾಟರಿ ಇಟ್ಟುಕೊಂಡು ಗಾಜಿನ ಫ್ಯೂಸ್, ಬ್ಲೇಡ್ ಫ್ಯೂಸ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಮೂರನ್ನೂ ಬಳಸಿ ನೋಡಿದ್ದೇನೆ.

ಗಾಜಿನ ಫ್ಯೂಸ್ ಅಗ್ಗ, ಯಾವ ರೇಡಿಯೊ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅದರ ತೊಂದರೆಯೆಲ್ಲ ಸ್ಪ್ರಿಂಗ್ ಇರುವ ಆ ಪ್ಲಾಸ್ಟಿಕ್ ಹೋಲ್ಡರ್‌ನದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಐದು ಆಂಪಿಯರ್ ಹರಿಯುವಾಗ ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ಹೋಲ್ಡರ್‌ನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದಾಗ ಸುಮಾರು 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು. ಕಂಟ್ರೋಲರ್ ಅಳೆಯುವುದು ತನ್ನ ಟರ್ಮಿನಲ್‌ನ ವೋಲ್ಟೇಜನ್ನು. ಅಲ್ಲಿ 14.4 ಕಂಡಾಗ ಬ್ಯಾಟರಿಗೆ ತಲುಪುವುದು 14.1 ಮಾತ್ರ, ಆದರೂ ಅದು ಚಾರ್ಜನ್ನು ಕಡಿತಗೊಳಿಸಲು ಶುರುಮಾಡುತ್ತದೆ. ದಿನವೂ ಹೀಗೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟುಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಅದರ ಆಯುಷ್ಯ ಕುಗ್ಗುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಸ್ಪ್ರಿಂಗ್ ಹಸಿರುಗಟ್ಟಿತ್ತು. ಇನ್ನೊಂದು ಭಯವೂ ಇದೆ: ಸಾಮಾನ್ಯ ಗಾಜಿನ ಫ್ಯೂಸ್ ದೊಡ್ಡ ಶಾರ್ಟ್ ಕರೆಂಟನ್ನು ಸುರಕ್ಷಿತವಾಗಿ ಕಡಿದುಹಾಕಲು ಮಾಡಿದ್ದಲ್ಲ. ಬ್ಯಾಟರಿಯ ಪಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸ್ ಡಿಸಿಗೆಂದೇ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆಂದೇ ತಯಾರಾದದ್ದು; ಸಾಮಾನ್ಯವಾಗಿ 32 ವೋಲ್ಟ್‌ವರೆಗೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20; ಮಬ್ಬು ಬೆಳಕಿನಲ್ಲೂ ಗೊಂದಲವಾಗುವುದಿಲ್ಲ. ಬಿಗಿಯಾಗಿ ಕೂರುವುದರಿಂದ ಅದೇ ಐದು ಆಂಪಿಯರ್‌ಗೆ ವೋಲ್ಟೇಜ್ ನಷ್ಟ ಲೆಕ್ಕಕ್ಕೇ ಬರಲಿಲ್ಲ. ಕೊಳ್ಳುವಾಗ ಹೋಲ್ಡರ್‌ಗೆ ಜೋಡಿಸಿದ ವೈರನ್ನು ಮಾತ್ರ ನೋಡಿಯೇ ಕೊಳ್ಳಿ. ಕೆಲವದರಲ್ಲಿ ದಪ್ಪ ಪ್ಲಾಸ್ಟಿಕ್‌ನ ಒಳಗೆ ಕೂದಲಿನಂಥ ನಾಲ್ಕು ಎಳೆ ತಾಮ್ರವಷ್ಟೇ ಇರುತ್ತದೆ. ಫ್ಯೂಸ್ ಕಾಯಬೇಕಾದದ್ದು ವೈರನ್ನು. ಫ್ಯೂಸ್‌ನ ಮಿತಿಗಿಂತ ಹೆಚ್ಚು ಹೊರುವ ತಾಕತ್ತು ವೈರ್‌ಗಿರಬೇಕು. ನಾನು ಹಾಕಿರುವುದು 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೆ ನೀಲಿ ಫ್ಯೂಸ್.

ಎಂಸಿಬಿಯ ಅನುಕೂಲವೆಂದರೆ ಅದು ಸ್ವಿಚ್ ಕೂಡ ಹೌದು. ಆದರೆ ಮನೆಯ ಎಸಿ ಎಂಸಿಬಿಯನ್ನು ತಂದು ಸಿಕ್ಕಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಎಸಿ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ ಬಿಡಿಸುವಾಗ ಏಳುವ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಹಾಗಾಗುವುದಿಲ್ಲ. ಒಂದೇ ಪ್ಯಾನೆಲ್‌ನಲ್ಲಿ ಅಪಾಯ ಕಡಿಮೆ, ನಾಲ್ಕಾರು ಪ್ಯಾನೆಲ್‌ಗಳನ್ನು ವೋಲ್ಟೇಜ್ ಕೂಡುತ್ತ ಹೋಗುವಂತೆ ಸಾಲಾಗಿ (ಸೀರೀಸ್) ಜೋಡಿಸಿದರೆ ಅದು ಬೆಂಕಿಯ ದಾರಿ. ಡಿಸಿ ಎಂಸಿಬಿ ಕೊಂಡರೂ ಮೇಲೆ ಪ್ಲಸ್, ಮೈನಸ್ ಗುರುತಿದ್ದರೆ ಅದರಂತೆಯೇ ಜೋಡಿಸಬೇಕು. ಉಲ್ಟಾ ಆದರೆ ಕಿಡಿ ಆರಿಸುವ ಏರ್ಪಾಡು ಕೆಲಸ ಮಾಡುವುದಿಲ್ಲ. ಒಳಗಿನ ಸುರುಳಿಯಿಂದಾಗಿ ಇದರಲ್ಲಿ ವೋಲ್ಟೇಜ್ ನಷ್ಟ ಬ್ಲೇಡ್‌ಗಿಂತ ಹೆಚ್ಚು.

ಹಾಗಾಗಿ ಎರಡಕ್ಕೂ ಅದರದರ ಜಾಗ ಕೊಟ್ಟಿದ್ದೇನೆ: ಬ್ಯಾಟರಿಯ ಬಳಿ ಬ್ಲೇಡ್ ಫ್ಯೂಸ್, ಪ್ಯಾನೆಲ್ ಮತ್ತು ಕಂಟ್ರೋಲರ್ ನಡುವೆ ಡಿಸಿ ಎಂಸಿಬಿ. ಪ್ಯಾನೆಲ್ 18 ವೋಲ್ಟ್ ಕೊಡಬಲ್ಲದ್ದರಿಂದ ಪಿಡಬ್ಲ್ಯುಎಂ ಕಂಟ್ರೋಲರ್ ಇದ್ದಾಗ ಆ ದಾರಿಯಲ್ಲಿ ಒಂದು ವೋಲ್ಟ್ ಕಳೆದರೂ ಚಾರ್ಜಿಗೆ ಅಷ್ಟೇನೂ ಪೆಟ್ಟಿಲ್ಲ. ದಪ್ಪ ವೈರ್‌ಗೆ ಹಣ ಹಾಕುವುದಾದರೆ ಕಂಟ್ರೋಲರ್‌ನಿಂದ ಬ್ಯಾಟರಿಗೆ ಹೋಗುವ ಆ ಒಂದೆರಡು ಮೀಟರ್‌ಗೇ ಹಾಕಿ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಎಂಸಿಬಿ ಇಳಿಸಿ ಪ್ಯಾನೆಲ್, ಆಮೇಲೆ ಬ್ಯಾಟರಿ. ಫ್ಯೂಸ್ ಹೋದರೆ ತಾಮ್ರದ ಎಳೆ ಸುತ್ತಬೇಡಿ. ಅದೇ ಬಣ್ಣದ ಎರಡು ಫ್ಯೂಸ್‌ಗಳನ್ನು ಹೋಲ್ಡರ್ ಪಕ್ಕದಲ್ಲೇ ಟೇಪ್ ಹಚ್ಚಿ ಇಟ್ಟುಕೊಳ್ಳಿ.